ಇಟ್ಟಿಗೆ ಗೂಡಿನಿಂದ ಕಾಲುವೆಯವರೆಗೆ

ಮಾರ್ಚ್ 4, ಸೋಮವಾರ

ಗೈಡ್ ಮಹಾಶಯರಿಗೆ,

ಕ್ಷೇಮ ವಿಚಾರಿಸುವಷ್ಟು ನಮ್ಮಿಬ್ಬರಿಗೆ ಪರಿಚಯವಿಲ್ಲ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಮೊನ್ನೆ ಶನಿವಾರ, ಭಾನುವಾರ ನೀವು ನಡೆಸಿದ ರಣಭೂಮಿ ನಡಿಗೆಯಲ್ಲಿ ನಾನೂ ಇದ್ದೆ. ಇಪ್ಪತ್ತಮೂರು ಜನರಲ್ಲಿ ಎಲ್ಲರಿಗಿಂತ ಹಿಂದೆ, ಬೂದು ಸ್ವೆಟರ್ ಹಾಕಿಕೊಂಡು ಎಡಗಾಲು ಎಳೆಯುತ್ತ ಬರುತ್ತಿದ್ದ ಹೆಂಗಸು. ಗುಡ್ಡ ಹತ್ತುವಾಗ ನೀವು ನನಗಾಗಿ ನಿಂತು, "ನಿಧಾನಕ್ಕೆ ಬನ್ನಿ ಮೇಡಂ, ಶತ್ರುಗಳು ಹೋಗಿ ನಲವತ್ತಾರು ವರ್ಷ ಆಯ್ತು" ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಶನಿವಾರದ ಬಗ್ಗೆ ನನಗೆ ತಕರಾರಿಲ್ಲ. ರೈಲು ನಿಲ್ದಾಣದ ಗೋಡೆಯಲ್ಲಿ ಗುಂಡು ಹೊಕ್ಕ ತೂತುಗಳನ್ನೂ ಗುಡ್ಡದ ಮೇಲಿನ ಕಂದಕಗಳನ್ನೂ ಚೆನ್ನಾಗಿಯೇ ತೋರಿಸಿದಿರಿ. ಮಾತು ನಿಮಗೆ ಒಲಿದಿದೆ. ತಕರಾರು ಭಾನುವಾರದ್ದು.

ಇಟ್ಟಿಗೆ ಗೂಡಿನ ಮುಂದೆ ಸ್ಮಾರಕದ ಕಲ್ಲಿದೆಯಲ್ಲ, ಅಲ್ಲಿ ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು, "ಆವತ್ತು ಬೆಳಿಗ್ಗೆ ಈ ಗೂಡಿನೊಳಗೆ ಹನ್ನೆರಡು ಜನ ಇದ್ರು. ಕಲ್ಲಿನ ಮೇಲೆ ಎಷ್ಟು ಹೆಸರಿದೆ, ಎಣಿಸಿ ನೋಡೋಣ" ಎಂದಿರಿ. ಯಾರೋ ಎಣಿಸಿ ಹತ್ತು ಎಂದರು. "ಹತ್ತೂ ಜನ ಇಲ್ಲೇ ಸತ್ರು. ಹನ್ನೊಂದನೆಯವರು ಅವರ ಕ್ಯಾಪ್ಟನ್, ಅಂದ್ರೆ ನಮ್ಮಪ್ಪ. ತೊಡೆಗೆ ಗುಂಡು ಬಿದ್ರೂ ಬದುಕಿ ಬಂದ್ರು. ಈಗ ಮನೇಲಿ ಪೇಪರ್ ಓದ್ತಾ ಕೂತಿದ್ದಾರೆ. ಹಾಗಾದ್ರೆ ಹನ್ನೆರಡನೆಯವನು ಎಲ್ಲಿ?" ಹಣೆಗೆ ಕೈ ಅಡ್ಡ ಹಿಡಿದು ಕಾಲುವೆಯ ಕಡೆ ಇಣುಕಿ ನೋಡಿದಿರಿ. "ಅಗೋ, ಇನ್ನೂ ಓಡ್ತಾ ಇದ್ದಾನೆ!"

ಆಮೇಲೆ ಆಟ. ಗೂಡಿನಿಂದ ಕಾಲುವೆಯ ತೂಬಿಗೆ ಇನ್ನೂರ ಇಪ್ಪತ್ತು ಹೆಜ್ಜೆ. ಹೇಡಿಗಿಂತ ಬೇಗ ಓಡಿ ತೂಬು ಮುಟ್ಟಿದವರಿಗೆ ನಿಮ್ಮ ಟೋಪಿ ಬಹುಮಾನ. ನೀವು ಸೀಟಿ ಊದಿದಿರಿ. ಹೊಸದಾಗಿ ಮದುವೆಯಾದ ಜೋಡಿಯೊಂದು ಕೈ ಕೈ ಹಿಡಿದು ಓಡಿತು. ಬ್ಯಾಂಕಿನವರಂತೆ ಕಾಣುತ್ತಿದ್ದ ಆ ದಪ್ಪ ಮನುಷ್ಯರು ಅರ್ಧ ದಾರಿಯಲ್ಲಿ ಬಿದ್ದು, ಬಿದ್ದಲ್ಲೇ ನಕ್ಕರು.

ಹನ್ನೆರಡನೆಯವರು ನನ್ನ ಅಪ್ಪ. ದಳದ ಟೆಲಿಫೋನ್ ಲೈನು ನೋಡಿಕೊಳ್ಳುತ್ತಿದ್ದವರು. ಎಲ್ಲರೂ ಅವರನ್ನು ‘ತಂತಿ’ ಎಂದೇ ಕರೆಯುತ್ತಿದ್ದರಂತೆ. ಅವರು ಸತ್ತಾಗ ನನಗೆ ಆರು ವರ್ಷ.

ಕಥೆ ಬದಲಿಸಿ ಎಂದು ಕೇಳುವ ಶಕ್ತಿ ನನಗಿಲ್ಲ. ಆ ಓಟವೊಂದನ್ನು ನಿಲ್ಲಿಸಿ. ಅವರು ಸತ್ತದ್ದು ಆ ತೂಬಿನ ಹತ್ತಿರವೇ.

ಇಂತಿ,
ತಂತಿಯವರ ಮಗಳು


ಮಾರ್ಚ್ 12

ಮಾನ್ಯ ಮೇಡಂ,

ನಿಮ್ಮ ಪತ್ರ ತಲುಪಿತು. ನಡಿಗೆಯಲ್ಲಿ ನೀವು ಇರುವುದು ಗೊತ್ತಿದ್ದರೆ ಖಂಡಿತ ಹಾಗೆ ಮಾತಾಡುತ್ತಿರಲಿಲ್ಲ. ಬಂದಾಗಲೇ ಒಂದು ಮಾತು ಹೇಳಬಾರದಿತ್ತೇ?

ನಾನು ಹದಿನೆಂಟು ವರ್ಷ ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿದವನು. ಮಕ್ಕಳು ಸಾಲದೆ ಶಾಲೆ ಮುಚ್ಚಿದ ಮೇಲೆ ಈ ನಡಿಗೆ ಶುರುಮಾಡಿದೆ. ಜನರನ್ನು ಎರಡು ದಿನ ಬಿಸಿಲಲ್ಲಿ ನಡೆಸಿ ಬರೀ ಇಸವಿ ಹೇಳಿದರೆ ಭಾನುವಾರ ಯಾರೂ ಇರುವುದಿಲ್ಲ. ಕಾಲು ಸೋತ ಹೊತ್ತಿಗೆ ಒಂದಿಷ್ಟು ನಗು ಬೇಕಾಗುತ್ತದೆ. ಅದಕ್ಕೇ ಆ ಆಟ, ಯಾರನ್ನೂ ನೋಯಿಸಲು ಅಲ್ಲ.

ಆದರೆ ನಡೆದ ಸಂಗತಿಯನ್ನು ನಾನು ಕಟ್ಟಿ ಹೇಳುತ್ತಿಲ್ಲ. ಯುದ್ಧ ಮುಗಿದ ಮೇಲೆ ನಡೆದ ವಿಚಾರಣೆಯ ವರದಿಯಲ್ಲೇ ಅದೆಲ್ಲ ಇದೆ. ನಿಮ್ಮ ತಂದೆಯವರ ಬಂದೂಕು ಗೂಡಿನೊಳಗೇ ಸಿಕ್ಕಿತು. ದೇಹ ಸಿಕ್ಕಿದ್ದು ಕಾಲುವೆಯ ಬಳಿ. ಗುಂಡು ಬೆನ್ನಿಗೆ ಬಿದ್ದಿತ್ತು. ಮಗಳ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಚರಿತ್ರೆ ಯಾರ ಮುಖವನ್ನೂ ನೋಡುವುದಿಲ್ಲವಲ್ಲ.

ಒಂದು ಮಾಡಬಲ್ಲೆ. ಮುಂದೆ ನೀವು ಬರುವ ದಿನ ಮೊದಲೇ ತಿಳಿಸಿದರೆ ಆವತ್ತು ಆಟ ಬಿಟ್ಟುಬಿಡುತ್ತೇನೆ.

ನಿಮ್ಮ ವಿಶ್ವಾಸಿ,
ಗೈಡ್


ಮಾರ್ಚ್ 19

ಗೈಡ್ ಮಹಾಶಯರಿಗೆ,

ನಾನು ಬರುವ ದಿನ ನನ್ನ ಅಪ್ಪ ಹೇಡಿಯಲ್ಲ, ಉಳಿದ ದಿನ ಹೇಡಿ. ಎಂಥ ಉಪಕಾರ.

ಚರಿತ್ರೆ ಮುಖ ನೋಡುವುದಿಲ್ಲ ಎಂದಿರಿ. ಜನ ನೋಡುತ್ತಾರೆ. ಅಪ್ಪನ ಸುದ್ದಿ ಬಂದಮೇಲೆ ನಮ್ಮ ಬೀದಿಯಲ್ಲಿ ಅಮ್ಮನ ಹೆಸರೇ ಹೋಗಿ ‘ಓಡಿಹೋದವನ ಹೆಂಡತಿ’ ಎಂದಾಯಿತು. ಆ ಮಾತಿಗೆ ಇರುವ ಇನ್ನೊಂದು ಅರ್ಥವನ್ನೂ ಸೇರಿಸಿಕೊಂಡು ನಗುವವರು ಬೇರೆ. ಆಸ್ಪತ್ರೆಯ ದೊಡ್ಡ ನರ್ಸಮ್ಮ ಕರುಣೆಯಿಂದ ಅವರಿಗೆ ಲಾಂಡ್ರಿಯಲ್ಲಿ ಕೆಲಸ ಕೊಡಿಸಿದರು. ಹಬೆಯಲ್ಲಿ ಯಾರ ಮುಖ ಯಾರಿಗೂ ಕಾಣುವುದಿಲ್ಲ, ಅದೇ ಅನುಕೂಲ ಎನ್ನುತ್ತಿದ್ದರು ಅಮ್ಮ. ಮೂವತ್ತು ವರ್ಷ ರೋಗಿಗಳ ಹಾಸಿಗೆ ಬಟ್ಟೆ ಒಗೆದರು. ರಕ್ತದ ಕಲೆಗೆ ಬಿಸಿನೀರು ಹಾಕಬಾರದು, ಕಲೆ ಕಚ್ಚಿಕೊಳ್ಳುತ್ತದೆ ಎಂದು ಹೊಸಬರಿಗೆಲ್ಲ ಕಲಿಸಿದ್ದು ಅವರೇ. ಈಗ ಅದೇ ಲಾಂಡ್ರಿಗೆ ನಾನು ಮೇಲ್ವಿಚಾರಕಿ.

ಐದನೇ ತರಗತಿಯಲ್ಲಿ ಶಾಲೆಯ ಓಟದ ಪಂದ್ಯಕ್ಕೆ ನಿಂತಿದ್ದೆ. ಗೆರೆಯ ಮೇಲೆ ಕಾಲಿಟ್ಟಾಗ ಹಿಂದಿನಿಂದ ಯಾರೋ, "ಇವಳೇ ಗೆಲ್ಲೋದು ಬಿಡ್ರೋ, ಓಟ ಇವಳ ರಕ್ತದಲ್ಲೇ ಇದೆ" ಎಂದರು. ಮೇಷ್ಟರೂ ನಕ್ಕರು. ನಾನು ಓಡಲಿಲ್ಲ. ಆಮೇಲೆ ಯಾವತ್ತೂ ಓಡಲಿಲ್ಲ, ಬಸ್ಸು ತಪ್ಪಿದರೂ ಸರಿ.

ನೀವು ವರದಿಯ ಮಾತು ಎತ್ತಿದ್ದರಿಂದ ಒಂದು ಪ್ರಶ್ನೆ. ಅಪ್ಪನ ಸಾಮಾನು ಎಂದು ನಮಗೊಂದು ಪೊಟ್ಟಣ ಬಂದಿತ್ತು. ಅದರಲ್ಲಿ ಬೆಲ್ಟು, ಬಾಚಣಿಗೆ ಮತ್ತು ಒಂದು ಕಟಿಂಗ್ ಪ್ಲೇಯರ್ ಇದ್ದವು. ಪ್ಲೇಯರಿಗೆ ಕಟ್ಟಿದ್ದ ಚೀಟಿಯಲ್ಲಿ ‘ಮೃತನ ಬಲಗೈಯಲ್ಲಿದ್ದದ್ದು’ ಎಂದು ಬರೆದಿತ್ತು. ಅಮ್ಮ ಈ ನಲವತ್ತಾರು ವರ್ಷ ಕೇಳಿದ್ದು ಒಂದೇ ಮಾತು. "ಜೀವ ಉಳಿಸಿಕೊಳ್ಳೋಕೆ ಓಡೋನು ಬಂದೂಕು ಬಿಟ್ಟು ಕಟಿಂಗ್ ಪ್ಲೇಯರ್ ಹಿಡ್ಕೊಂಡು ಓಡ್ತಾನಾ?"

ನಿಮ್ಮ ತಂದೆ ಮನೆಯಲ್ಲೇ ಪೇಪರ್ ಓದುತ್ತ ಕುಳಿತಿದ್ದಾರಲ್ಲ. ಕೇಳಿ ನೋಡಿ.

ತಂತಿಯವರ ಮಗಳು


ಮೇ 2

ಮಾನ್ಯರೇ,

ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ಮೊದಲ ಸಾಲಿಗೇ ನಿಂತುಹೋಗುತ್ತಿತ್ತು.

ಅಪ್ಪನನ್ನು ಕೇಳಿದೆ. ಅವರು ದಿನಾ ಬೆಳಿಗ್ಗೆ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಬೂಟಿಗೆ ಪಾಲಿಶ್ ಹಾಕುತ್ತಾರೆ. ಎಪ್ಪತ್ತೊಂಬತ್ತಾದರೂ ಅದನ್ನು ಯಾರಿಗೂ ಬಿಡುವುದಿಲ್ಲ. ನಿಮ್ಮ ಪತ್ರದ ವಿಷಯ ಹೇಳದೆ, ಏನೋ ನೆನಪಾದವನ ಹಾಗೆ, "ಆ ತಂತಿ ಸತ್ತಾಗ ಅವನ ಕೈಯಲ್ಲಿ ಪ್ಲೇಯರ್ ಇತ್ತಂತಲ್ಲಪ್ಪಾ?" ಎಂದೆ.

ಬ್ರಶ್ಶು ನಿಂತಿತು. "ಯಾರು ಹೇಳಿದ್ರು?"

"ಅವನ ಮಗಳು."

"ಮಗಳಿದ್ದಳಾ?" ಎಂದರು. ಅಷ್ಟೇ. ಆಮೇಲೆ ಪಾಲಿಶ್ ಆಗಿದ್ದ ಬೂಟಿಗೇ ಮತ್ತೆ ಪಾಲಿಶ್ ಹಾಕತೊಡಗಿದರು. ಆವತ್ತಿನಿಂದ ನನ್ನ ಜೊತೆ ಊಟ, ಔಷಧಿ ಬಿಟ್ಟು ಬೇರೆ ಮಾತಿಲ್ಲ.

ಓಟದ ಆಟ ನಿಲ್ಲಿಸಿದ್ದೇನೆ. ನೀವು ಬಂದರೂ, ಬರದಿದ್ದರೂ.

ಗೈಡ್


ಮೇ 28

ಅಕ್ಕಾ,

ಹೀಗೆ ಕರೆಯಬಹುದೋ ಇಲ್ಲವೋ ತಿಳಿಯದು. ಇದನ್ನು ಮೇಡಂ ಎಂದು ಶುರುಮಾಡಿ ಬರೆಯಲು ಆಗುತ್ತಿಲ್ಲ.

ನಿನ್ನೆ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಡ್ರಾಪ್ಸ್ ಹಾಕಿ, ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಬೇಕು ಎಂದು ಬೆಂಚಿನ ಮೇಲೆ ಕೂರಿಸಿದರು. ನಾನು ಪಕ್ಕದಲ್ಲಿದ್ದೆ. ಕಣ್ಣು ಮುಚ್ಚಿಕೊಂಡೇ ಅಪ್ಪ ಮಾತು ಶುರುಮಾಡಿದರು. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

"ನಾನೇ ಕಳಿಸಿದ್ದು ಕಣೋ. ಲೈನು ಸತ್ತಿತ್ತು. ಎಲ್ಲಿ ಕಡಿದಿದೆ ನೋಡ್ಕೊಂಡು ಬಾ ಅಂದೆ. ‘ಬಂದೂಕು ಇಲ್ಲೇ ಬಿಡ್ಲಾ ಸಾರ್, ಎರಡೂ ಕೈ ಬೇಕಾಗುತ್ತೆ’ ಅಂದ. ಬಿಡು ಅಂದೆ. ತಂತಿ ಹಿಡ್ಕೊಂಡು ತೆವಳ್ತಾ ಹೋದ."

"ಸಿಗಲಿಲ್ವಾ?" ಎಂದೆ.

"ಸಿಕ್ತು. ಸರಿನೂ ಮಾಡಿದ. ಹತ್ತು ನಿಮಿಷಕ್ಕೆ ಫೋನು ಗುರುಗುಟ್ತು. ಕಿವಿಗಿಟ್ಕೊಂಡೆ. ಆ ಕಡೆಯಿಂದ ‘ಹಲೋ, ಗೂಡು, ಹಲೋ’ ಅಂತಿದ್ರು. ನಾನು ಮಾತಾಡಲಿಲ್ಲ."

"ಯಾಕಪ್ಪಾ?"

"ಮಾತಾಡಿದ್ರೆ ಅಲ್ಲೇ ಇರು ಅಂತಿದ್ರು."

ಫೋನು ಕೆಳಗಿಟ್ಟು, ‘ಸಹಾಯ ಕರ್ಕೊಂಡು ಬರ್ತೀನಿ’ ಎಂದು ಹುಡುಗರಿಗೆ ಹೇಳಿ, ಅಪ್ಪ ಗೂಡಿನ ಹಿಂದಿನ ಚರಂಡಿಯಿಂದ ಹೊರಬಿದ್ದರು. ಐವತ್ತು ಹೆಜ್ಜೆ ಹೋಗುವಷ್ಟರಲ್ಲಿ ತೊಡೆಗೆ ಗುಂಡು ಬಿತ್ತು. ಸಂಜೆವರೆಗೆ ಆ ಚರಂಡಿಯಲ್ಲೇ ಬಿದ್ದಿದ್ದರು. ಗೂಡಿನೊಳಗಿನ ಒಬ್ಬೊಬ್ಬರ ದನಿಯೂ ನಿಂತದ್ದನ್ನು ಅಲ್ಲಿಂದಲೇ ಕೇಳಿಸಿಕೊಂಡರು. ವಿಚಾರಣೆಯಲ್ಲಿ ‘ಮೊದಲು ಠಾಣೆ ಬಿಟ್ಟವರು ಯಾರು’ ಎಂದು ಕೇಳಿದರಂತೆ. "ಮೊದಲು ಹೊರಗೆ ಹೋದವನು ಅವನೇ ಅಲ್ವಾ? ಅವನ ಹೆಸರು ಹೇಳಿಬಿಟ್ಟೆ. ಸತ್ತಿದ್ದ. ಅವನಿಗೇನು ಆಗಬೇಕಾಗಿತ್ತು ಅಂದ್ಕೊಂಡೆ" ಎಂದರು. ಅಷ್ಟರಲ್ಲಿ ನರ್ಸು ಬಂದು ನಂಬರು ಕೂಗಿದರು. ಅಪ್ಪ ಎದ್ದು, ಅಂಗಿ ಸರಿಮಾಡಿಕೊಂಡು, ಎದೆ ಸೆಟೆಸಿ ಒಳಗೆ ಹೋದರು.

ಅಕ್ಕಾ, ಈ ಮಣ್ಣಿನ ಮೇಲೆ ನಿಂತು ಒಂಬತ್ತು ವರ್ಷ ನಾನು ಹೇಳಿದ್ದೆಲ್ಲ ಸುಳ್ಳು. ಆದರೆ ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ, ಅಪ್ಪನ ಕಾಲ ಮುಗಿಯುವವರೆಗೆ ಸುಮ್ಮನಿರಿ. ಎಷ್ಟು ದಿನ ಇದ್ದಾರು? ಆಮೇಲೆ ನಾನೇ ಎಲ್ಲರೆದುರು ಹೇಳುತ್ತೇನೆ. ಇದು ನನ್ನ ಮಾತು.

ನಿಮ್ಮ,
ಗೈಡ್


ಜೂನ್ 3

ಗೈಡ್ ಮಹಾಶಯರಿಗೆ,

ನನ್ನನ್ನು ಅಕ್ಕ ಎನ್ನಬೇಡಿ. ನನಗೆ ಒಡಹುಟ್ಟಿದವರಿಲ್ಲ. ಹುಟ್ಟುವ ಮೊದಲೇ ನಿಮ್ಮ ತಂದೆ ನಮ್ಮ ಅಪ್ಪನನ್ನು ತಂತಿ ಹುಡುಕಲು ಕಳಿಸಿದರು.

ನಿಮ್ಮ ಪತ್ರವನ್ನು ಲಾಂಡ್ರಿಯ ಸ್ಟೋರ್ ರೂಮಿನಲ್ಲಿ ಓದಿದೆ. ಹೊರಗೆ ಹುಡುಗಿಯರು ಬಾಗಿಲು ತಟ್ಟಿ, "ಮೇಡಂ, ಆಪರೇಷನ್ ವಾರ್ಡಿಂದ ಫೋನ್ ಮೇಲೆ ಫೋನು" ಎನ್ನುತ್ತಿದ್ದರು. ಎದ್ದು ಹೋಗಿ ಎಂಬತ್ತು ಹಸಿರು ಬಟ್ಟೆ ಎಣಿಸಿ ಕಳಿಸಿದೆ. ಎಣಿಕೆ ತಪ್ಪಲಿಲ್ಲ. ನನಗೇ ಆಶ್ಚರ್ಯ.

ನಿಮ್ಮ ಅಪ್ಪನ ಕಾಲ ಮುಗಿಯಲಿ ಎನ್ನುತ್ತೀರಿ. ನನ್ನ ಅಮ್ಮನಿಗೆ ಎಪ್ಪತ್ತನಾಲ್ಕು. ಉಬ್ಬಸ ಜೋರಾಗಿದೆ. ಯಾರ ಕಾಲ ಮೊದಲು ಮುಗಿಯುತ್ತದೋ ಪಂದ್ಯ ಕಟ್ಟೋಣವೇ?

ಪತ್ರಿಕೆಗೆ ಹೋಗುವುದಿಲ್ಲ, ಬೀದಿಯಲ್ಲಿ ಕೂಗುವುದಿಲ್ಲ. ನಿಮ್ಮ ತಂದೆ ನನ್ನ ಅಮ್ಮನಿಗೆ ಎರಡು ಸಾಲು ಬರೆದು ಕೊಡಲಿ. ‘ನಾನೇ ಕಳಿಸಿದ್ದು, ಅವನು ಓಡಲಿಲ್ಲ.’ ಅಮ್ಮನಿಗೆ ಓದಿ ಹೇಳಿ ಪೆಟ್ಟಿಗೆಯಲ್ಲಿಡುತ್ತೇನೆ. ಆ ಸಾಲು ಕೈಗೆ ಬಂದ ಮೇಲೇ ಅಮ್ಮನಿಗೆ ಈ ವಿಷಯ ತಿಳಿಸುತ್ತೇನೆ. ಇಷ್ಟು ವರ್ಷ ಆದಮೇಲೆ ಅರ್ಧ ಸತ್ಯ ತೋರಿಸಿ ಆಸೆ ಹುಟ್ಟಿಸಲಾರೆ.

ತಂತಿಯವರ ಮಗಳು


ಜೂನ್ 25

ಮಾನ್ಯರೇ,

ಮೂರು ಸಲ ಕಾಗದ, ಪೆನ್ನು ಅವರ ಮುಂದಿಟ್ಟೆ. ಒಮ್ಮೆ ಬರೆಯಲು ಶುರುಮಾಡಿದರು. ‘ನಾನು’ ಎಂದಷ್ಟೇ ಬರೆದು, ಹಾಳೆ ಹರಿದು ಜೇಬಿಗೆ ಹಾಕಿಕೊಂಡರು. "ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಬರೆದಿದ್ದು ಹೋಗಲ್ಲ ಕಣೋ" ಎಂದರು. ಮೊನ್ನೆ ಅಮ್ಮ ಅಡುಗೆಮನೆಯಿಂದ ಬಂದು ಪೆನ್ನನ್ನೇ ಎತ್ತಿಕೊಂಡು ಹೋದರು. ಅವರಿಗೆ ವಿಷಯ ಗೊತ್ತಿಲ್ಲ. ಗಂಡನನ್ನು ನಾನು ಪೀಡಿಸುತ್ತಿದ್ದೇನೆ ಎಂದಷ್ಟೇ ಗೊತ್ತು.

ಬಿಡುವುದಿಲ್ಲ, ಪ್ರಯತ್ನ ಮಾಡುತ್ತಲೇ ಇರುತ್ತೇನೆ. ಮುಂದಿನ ತಿಂಗಳು ಅಪ್ಪನಿಗೊಂದು ಸನ್ಮಾನವಿದೆ. ಅದು ಮುಗಿಯಲಿ. ಸ್ವಲ್ಪ ತಾಳಿ.

ಗೈಡ್


ಜುಲೈ 17

ಗೈಡ್ ಮಹಾಶಯರಿಗೆ,

ಮಂಗಳವಾರ ಅಮ್ಮ ಹೋದರು. ನಮ್ಮ ಆಸ್ಪತ್ರೆಯಲ್ಲೇ, ಅವರೇ ಒಗೆಯುತ್ತಿದ್ದಂಥ ಹಾಸಿಗೆ ಬಟ್ಟೆಯ ಮೇಲೆ. ನಿಮ್ಮ ತಂದೆಯ ಸನ್ಮಾನ ಚೆನ್ನಾಗಿ ಆಯಿತೆಂದು ಪತ್ರಿಕೆಯಲ್ಲಿ ನೋಡಿದೆ.

ಸೋಮವಾರ ಮಧ್ಯಾಹ್ನ ಡಾಕ್ಟರು ನನ್ನನ್ನು ಹೊರಗೆ ಕರೆದು, ಹೇಳುವುದೇನಾದರೂ ಇದ್ದರೆ ಈಗ ಹೇಳಿ ಎಂದರು. ಎರಡು ಸಾಲಿಗೆ ಕಾಯುವ ಪುರುಸೊತ್ತು ಇರಲಿಲ್ಲ. ಮೇ 28ರ ನಿಮ್ಮ ಪತ್ರವನ್ನೇ ಓದಿದೆ. ಆಕ್ಸಿಜನ್ ಸದ್ದಿನಲ್ಲಿ ಕೇಳಿಸಲಿ ಎಂದು ಕಿವಿಯ ಹತ್ತಿರ ಬಗ್ಗಿ, ಒಂದೊಂದೇ ಮಾತಾಗಿ. ಅಮ್ಮ ನಡುವೆ ಒಂದೇ ಸಲ ಬಾಯಿ ತೆರೆದರು.

"ಲೈನು ಸರಿ ಮಾಡಿದ್ರಾ?"

"ಮಾಡಿದ್ರಮ್ಮಾ."

"ಹೂಂ. ಹಿಡಿದ ಕೆಲಸ ಬಿಡೋರಲ್ಲ."

ಪೂರ್ತಿ ಓದಿದ ಮೇಲೆ ನಾನು ಅಳುತ್ತಿದ್ದೆ. ಅಮ್ಮ ಅಳಲಿಲ್ಲ. ನನ್ನ ಕಡೆ ತಿರುಗಿ, "ನನಗಿದರಲ್ಲಿ ಹೊಸದೇನಿದೆ? ಇದು ಬೇಕಾಗಿದ್ದಿದ್ದು ನಿನಗೆ. ಸಿಕ್ತಲ್ಲ, ಇಟ್ಕೋ" ಎಂದರು.

ಇದನ್ನು ನಿಮಗೆ ಯಾಕೆ ಬರೆಯುತ್ತಿದ್ದೇನೆ? ಹೇಳಿಕೊಳ್ಳಲು ಬೇರೆ ಯಾರೂ ಇಲ್ಲ, ಅದಕ್ಕೆ. ಹದಿನಾಲ್ಕನೇ ವಯಸ್ಸಿನಲ್ಲಿ ಶಾಲೆಯಿಂದ ಬಂದವಳೇ ಪುಸ್ತಕದ ಚೀಲ ಬಿಸಾಡಿ, ಅಮ್ಮನ ಎದುರು ನಿಂತು, "ನಿನ್ನ ಗಂಡ ಹೇಡಿ. ಊರಿಗೆಲ್ಲ ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ" ಎಂದಿದ್ದೆ. ಅಮ್ಮ ತಟ್ಟೆ ತೊಳೆಯುತ್ತಿದ್ದರು. ತೊಳೆಯುವುದನ್ನು ನಿಲ್ಲಿಸಲಿಲ್ಲ. ಆ ಮಾತನ್ನು ನಾನು ಯಾವತ್ತೂ ವಾಪಸ್ ತೆಗೆದುಕೊಳ್ಳಲಿಲ್ಲ, ಯಾಕೆಂದರೆ ನಂಬಿದ್ದೆ. ಈ ಮಾರ್ಚ್‌ನಲ್ಲಿ ನಿಮ್ಮ ನಡಿಗೆಗೆ ಬಂದದ್ದು ಕೂಡ ಜಾಗ ನೋಡಿದರೆ ಅಪ್ಪ ಯಾಕೆ ಓಡಿದರೆಂದು ಗೊತ್ತಾಗಬಹುದು ಎಂದು. ಓಡಲಿಲ್ಲ ಎಂಬ ನಂಬಿಕೆಯಿಂದ ಅಲ್ಲ.

ನಿಮ್ಮ ತಂದೆ ಸುಳ್ಳು ಹೇಳಿದರು. ನೀವು ಅದನ್ನು ಚೆನ್ನಾಗಿ ಹೇಳಿದಿರಿ. ನಾನು ನಂಬಿದೆ. ಮೂವರಲ್ಲಿ ಅಮ್ಮನನ್ನು ಹೆಚ್ಚು ನೋಯಿಸಿದವರು ಯಾರೋ, ನನಗೆ ತಿಳಿಯುತ್ತಿಲ್ಲ.

ಎರಡು ಸಾಲು ಇನ್ನು ಬೇಡ.

ತಂತಿಯವರ ಮಗಳು


ಅಕ್ಟೋಬರ್ 20

ಗೈಡ್ ಮಹಾಶಯರಿಗೆ,

ನಿಮ್ಮ ತಂದೆಯವರ ಸುದ್ದಿ ಪತ್ರಿಕೆಯ ಮುಖಪುಟದಲ್ಲಿ ನೋಡಿದೆ. ಧ್ವಜ ಹೊದಿಸಿದ್ದರು, ಬಂದೂಕುಗಳು ಆಕಾಶಕ್ಕೆ ಮುಖ ಮಾಡಿದ್ದವು. ನಿಮ್ಮ ತಾಯಿ ಅವರ ಶೌರ್ಯಪದಕವನ್ನು ಎದೆಗೆ ಒತ್ತಿಕೊಂಡಿದ್ದರು. ಅವರ ದುಃಖ ದುಃಖವೇ. ಅದರ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ.

ನೀವು ಕೇಳಿದಂತೆ ಸುಮ್ಮನಿದ್ದೆ. ಈಗ ಕಾಲ ಮುಗಿದಿದೆ. ಸೇನಾ ದಾಖಲೆಗಳ ಕಚೇರಿಗೆ ಅರ್ಜಿ ಹಾಕಿದ್ದೇನೆ. ಅಲ್ಲಿನ ಗುಮಾಸ್ತೆ ಒಳ್ಳೆಯ ಹೆಣ್ಣುಮಗಳು. ಕಡತ ತೆಗೆದು ನೋಡಿ, "ಕ್ಯಾಪ್ಟನ್ ಬಾಯಿಂದ ನೇರ ಕೇಳಿದವರು ಯಾರಾದ್ರೂ ಬರೆದು ಸಹಿ ಮಾಡಿಕೊಟ್ರೆ ಸಾಕಮ್ಮ, ಕಲ್ಲಿನ ಮೇಲೆ ಹೆಸರು ಬರುತ್ತೆ" ಎಂದರು. ನಮೂನೆ ಇದರ ಜೊತೆಗಿದೆ, ಒಂದೇ ಪುಟ. ನೀವು ಬರೆಯಬೇಕಾದ್ದು ಮೇ ತಿಂಗಳಲ್ಲಿ ನನಗೆ ಬರೆದದ್ದನ್ನೇ.

ತಂತಿಯವರ ಮಗಳು


ನವೆಂಬರ್ 30

ಮಾನ್ಯರೇ,

ಮೊದಲು ಒಳ್ಳೆಯ ಸುದ್ದಿ. ನಾನು ಕಥೆ ಬದಲಿಸಿದ್ದೇನೆ. ಈಗ ಕಲ್ಲಿನ ಮುಂದೆ ನಿಂತು, "ಹನ್ನೆರಡನೆಯವನು ಓಡಿಹೋದ ಅಂತಾರೆ. ಆದರೆ ಅವನು ತಂತಿ ಕೂಡಿಸೋಕೆ ಹೋಗಿದ್ದ, ಕೈಯಲ್ಲಿ ಪ್ಲೇಯರ್ ಹಿಡಿದೇ ಸತ್ತ ಅಂತ ಹೇಳೋರೂ ಇದ್ದಾರೆ. ಯಾವುದು ನಿಜ? ಈ ಮಣ್ಣಿಗೇ ಗೊತ್ತು" ಎನ್ನುತ್ತೇನೆ. ಜನ ಉಸಿರು ಬಿಗಿಹಿಡಿದು ಕೇಳುತ್ತಾರೆ. ಹೋದ ವಾರ ಒಬ್ಬ ಹೆಂಗಸು ಬಿಕ್ಕಿ ಬಿಕ್ಕಿ ಅತ್ತರು. ಫೆಬ್ರವರಿವರೆಗೆ ಜಾಗವಿಲ್ಲ. ಕಾಲುವೆಯವರೆಗೆ ನೆಲದ ಮೇಲೆ ತಂತಿ ಹಾಸಿದ್ದೇವೆ. ಬೇಕಾದವರು ಅದನ್ನು ಹಿಡಿದುಕೊಂಡು ತೆವಳಿ ಹೋಗಬಹುದು.

ಆ ಕಟಿಂಗ್ ಪ್ಲೇಯರನ್ನು ನಮಗೆ ಕೊಟ್ಟರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಗೌರವದಿಂದ ನೋಡಿಕೊಳ್ಳುತ್ತೇವೆ. ಒಂದು ಭಾನುವಾರ ನೀವೇ ಬಂದು ನಾಲ್ಕು ಮಾತಾಡಿದರಂತೂ ಇನ್ನೂ ಒಳ್ಳೆಯದು.

ಆದರೆ ಸಹಿ ಮಾಡಲಾರೆ. ದಯವಿಟ್ಟು ಅರ್ಥಮಾಡಿಕೊಳ್ಳಿ. ಸಹಿ ಮಾಡಿದರೆ ಪದಕ ವಾಪಸ್ ಕೇಳುತ್ತಾರೆ. ಅಮ್ಮ ಅದನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಾರೆ. ತಂಗಿಯರಿಬ್ಬರೂ, "ಸಹಿ ಹಾಕಿದ್ರೆ ನಮ್ಮ ಪಾಲಿಗೆ ನೀನು ಸತ್ತೆ ಅಣ್ಣಾ" ಎಂದಿದ್ದಾರೆ. ಸತ್ಯವನ್ನು ಜನರಿಗೆ ಮುಟ್ಟಿಸುವುದಕ್ಕೆ ಸಹಿಯೇ ಯಾಕೆ ಬೇಕು? ವಾರಕ್ಕೆ ಮೂವತ್ತು ಜನರಿಗೆ ಮುಟ್ಟಿಸುತ್ತಲೇ ಇದ್ದೇನಲ್ಲ.

ನಿಮ್ಮ ವಿಶ್ವಾಸಿ,
ಗೈಡ್


ಫೆಬ್ರವರಿ 16

ನಿಮಗೆ,

ಕಚೇರಿಯಿಂದ ಇಬ್ಬರು ಬಂದು ಪದಕ ತೆಗೆದುಕೊಂಡು ಹೋದರು. ನನ್ನ ಕೈಬರಹದ ಪತ್ರದ ನಕಲನ್ನು ನನ್ನ ಮುಂದೆಯೇ ಹಿಡಿದು, "ಇದು ನೀವು ಬರೆದದ್ದೇನ್ರೀ?" ಎಂದು ಕೇಳಿದರು. ಅಮ್ಮ ಬಾಗಿಲಲ್ಲಿ ನಿಂತಿದ್ದರು. ಅಲ್ಲ ಎನ್ನಬಹುದಿತ್ತು. ಬಾಯಿ ಬರಲಿಲ್ಲ.

ಒಬ್ಬ ಮನುಷ್ಯ ನಂಬಿ, ಎದೆ ಬಿಚ್ಚಿ ಬರೆದ ಪತ್ರವನ್ನು ಹೀಗೆ ಸರ್ಕಾರದ ಮೇಜಿನ ಮೇಲೆ ಹರಡುತ್ತಾರೆಯೇ? ಇದು ನಂಬಿಕೆದ್ರೋಹ. ನಾನು ಬರೆಯದೆ ಇದ್ದಿದ್ದರೆ ನಿಮಗೆ ಏನು ಗೊತ್ತಾಗುತ್ತಿತ್ತು? ಪತ್ರಿಕೆಯಲ್ಲಿ ಬಂದ ದಿನವೇ ಕಾಂಪೌಂಡಿನ ಗೋಡೆಯ ಮೇಲೆ ಯಾರೋ ಇದ್ದಿಲಿನಲ್ಲಿ ‘ಓಡಿಹೋದ ಕ್ಯಾಪ್ಟನ್’ ಎಂದು ಬರೆದರು. ಅಮ್ಮ ಹೊರಗೆ ಕಾಲಿಡುವುದಿಲ್ಲ. ಐವತ್ತು ವರ್ಷ ಹಾಲು ತರುತ್ತಿದ್ದ ಅಂಗಡಿಗೆ ಈಗ ನಾನು ಹೋಗುತ್ತೇನೆ. ತಂಗಿಯರು ಫೋನು ಎತ್ತುವುದಿಲ್ಲ. ನಡಿಗೆ ನಿಲ್ಲಿಸಿದ್ದೇನೆ. ಯಾವ ಮುಖ ಹೊತ್ತು ಆ ಕಲ್ಲಿನ ಮುಂದೆ ನಿಲ್ಲಲಿ?

ಎಪ್ಪತ್ತೊಂದು ವರ್ಷದ ಮುದುಕಿ ನಿಮಗೆ ಏನು ಮಾಡಿದ್ದರು? ಖುಷಿಯಾಯಿತೇ ನಿಮಗೆ?

ಸಹಿಗೆ ಇನ್ನೇನು ಬೆಲೆ,
ಕ್ಯಾಪ್ಟನ್‌ರ ಮಗ


ಫೆಬ್ರವರಿ 24

ಗೈಡ್ ಮಹಾಶಯರಿಗೆ,

ಪತ್ರ ಕೊಟ್ಟವಳು ನಾನೇ. ಲಕೋಟೆ ಸಮೇತ ಕೊಟ್ಟೆ. ಎರಡು ತಿಂಗಳು ಕೈಚೀಲದಲ್ಲಿಟ್ಟುಕೊಂಡು ತಿರುಗಿ, ಆಮೇಲೆ ಕೊಟ್ಟೆ. ನಂಬಿಕೆದ್ರೋಹ ಎಂದಿದ್ದೀರಿ. ನಿಮ್ಮ ಮನೆಯವರು ನಮ್ಮ ಮನೆಯವರಿಗೆ ಆ ಮಾತು ಹೇಳಿದ್ದು ಇದು ಎರಡನೇ ಸಲ.

ಕಳೆದ ಗುರುವಾರ ಕಲ್ಲಿನ ಮೇಲೆ ಅಪ್ಪನ ಹೆಸರು ಕೆತ್ತಿದರು. ಜಾಗ ಸಾಲದೆ ಹತ್ತು ಹೆಸರಿನ ಕೆಳಗೆ, ನೆಲಕ್ಕೆ ಹತ್ತಿರ, ಅಕ್ಷರ ಕೊಂಚ ಸಣ್ಣದು ಮಾಡಿದರು. ನಾನು ಅರ್ಧ ದಿನ ರಜೆ ಹಾಕಿ ಹೋಗಿದ್ದೆ. ಕೆತ್ತುವವನು ಪುಡಿ ಊದಿ, "ಸರಿ ಇದೆಯಾ ನೋಡ್ಕೊಳ್ಳಮ್ಮ" ಎಂದ. ಸರಿ ಇದೆ ಎಂದೆ. ಅಮ್ಮ ಇರಲಿಲ್ಲ. ಸಂಜೆ ಪಾಳಿಗೆ ವಾಪಸ್ ಬಂದೆ. ಖುಷಿಯಾಯಿತೇ ಎಂದು ಕೇಳಿದ್ದೀರಿ. ಆಗುತ್ತದೆ ಅಂದುಕೊಂಡಿದ್ದೆ.

ನಿಮ್ಮ ತಾಯಿಯವರು ನನಗೆ ಏನೂ ಮಾಡಿಲ್ಲ. ನನ್ನ ಅಮ್ಮನೂ ಯಾರಿಗೂ ಏನೂ ಮಾಡಿರಲಿಲ್ಲ. ಈ ಒಂದು ವಿಷಯದಲ್ಲಿ ನನಗೆ ನಿಮಗಿಂತ ಅನುಭವ ಹೆಚ್ಚು. ಅದನ್ನಾದರೂ ತೆಗೆದುಕೊಳ್ಳಿ.

ಮನೆ ಬದಲಿಸಬೇಡಿ. ನಾವು ಎರಡು ಸಲ ಬದಲಿಸಿದೆವು. ಸಾಮಾನು ಇಳಿಸುವ ಮೊದಲೇ ಸುದ್ದಿ ಹೊಸ ಬೀದಿಗೆ ಬಂದು ಕೂತಿರುತ್ತದೆ. ಗೋಡೆಯ ಮೇಲೆ ಬರೆದದ್ದನ್ನು ಅದೇ ದಿನ ಒರೆಸಬೇಡಿ. ಬರೆದವರು ಅದನ್ನು ನೋಡಲೆಂದೇ ಎಲ್ಲೋ ನಿಂತಿರುತ್ತಾರೆ. ಅಂಗಡಿಗೆ ನೀವು ಹೋಗುವುದನ್ನು ನಿಲ್ಲಿಸಿ, ತಾಯಿಯನ್ನೇ ಕಳಿಸಿ. ಒಂದು ತಿಂಗಳು ತಪ್ಪಿಸಿದರೆ ಆಮೇಲೆ ಯಾವತ್ತೂ ಹೋಗಲಾಗುವುದಿಲ್ಲ. ಜನ ತುಂಬಿರುವ ಹೊತ್ತಿಗೆ ಹೋಗಲಿ. ಒಬ್ಬರೇ ಸಿಕ್ಕಾಗ ಅಂಗಡಿಯವನಿಗೂ ಕೇಳುವ ಧೈರ್ಯ ಬರುತ್ತದೆ, ನಾಲ್ಕು ಜನರ ನಡುವೆ ಬರುವುದಿಲ್ಲ. ನಿಮ್ಮ ತಂದೆಯ ಫೋಟೋವನ್ನು ಗೋಡೆಯಿಂದ ಇಳಿಸಬೇಡಿ. ನಾವು ಇಳಿಸಿದ್ದೆವು. ಮೊಳೆ ಉಳಿಯಿತು. ಬಂದವರೆಲ್ಲ ಮೊಳೆಯನ್ನೇ ನೋಡುತ್ತಿದ್ದರು.

ಹೊರಗಿನವರು ಆಡುವ ಮಾತನ್ನು ನಿಮ್ಮ ತಾಯಿ ತಡೆದುಕೊಳ್ಳುತ್ತಾರೆ. ಮನೆಯೊಳಗೆ ಒಬ್ಬರು ಆಡುತ್ತಾರೆ ನೋಡಿ, ಅದನ್ನು ತಡೆದುಕೊಳ್ಳಲಾರರು. ನಿಮ್ಮ ಮನೆಯಲ್ಲಿ ಅದು ನೀವಾಗಬೇಡಿ.

ಮೊದಲ ವರ್ಷ ಬಹಳ ಕಷ್ಟ. ಆಮೇಲೂ ಕಷ್ಟ ಕಡಿಮೆಯಾಗುವುದಿಲ್ಲ, ಅಭ್ಯಾಸವಾಗುತ್ತದೆ.

ನನಗೆ ಇನ್ನು ಬರೆಯಬೇಡಿ. ನಿಮ್ಮ ತಾಯಿಗೆ ಬರೆಯಬೇಕೆನಿಸಿದರೆ ಅವರು ಬರೆಯಲಿ. ಬೈದು ಬರೆದರೂ ಸರಿ, ಅವರಿಗೆ ಉತ್ತರ ಕೊಡುತ್ತೇನೆ.

ತಂತಿಯವರ ಮಗಳು